ಬೊಗ್ಗುವಿನ ಹಿಂಗಾಲು

ಕೂಳೂರು, ಮಂಗಳೂರು
18 ಜುಲೈ 2025

ಪ್ರೀತಿಯ ಲೈಲಾ,

ಅಸ್ಸಲಾಮು ಅಲೈಕುಂ. ನಿನ್ನ ಸೊಂಟನೋವು ಹೇಗಿದೆ? ಶೈಮಾಳ ಮನೆಯ ಎ.ಸಿ. ಹೆಚ್ಚು ತಂಪಾದರೆ ಕಾಲುಚೀಲ ಹಾಕಿಕೊಂಡು ಮಲಗು. ಮೊಮ್ಮಗು ನಡೆಯಲು ಕಲಿತದ್ದನ್ನು ವಿಡಿಯೋ ಕಾಲಿನಲ್ಲಿ ನೋಡಿದೆ. ನೀನು ಮೊಬೈಲನ್ನು ಅದರ ಕಡೆಗೇ ಹಿಡಿದಿರುತ್ತೀ, ಹಾಗಾಗಿ ನಿನ್ನ ಮುಖ ನೋಡಿ ಬಹಳ ದಿನವಾಯಿತು. ಮಗುವಿನ ಗಲಾಟೆಯ ನಡುವೆ ಹೇಳಲಾಗದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ನಾಡಿದ್ದು ಶಾರ್ಜಾಕ್ಕೆ ಹೊರಟಿರುವ ನನ್ನ ತಂಗಿಯ ಮಗ ಇಜಾಝ್ ತಂದುಕೊಡುತ್ತಾನೆ.

ಸುದ್ದಿ ನಮ್ಮ ನಾಯಿ ಬೊಗ್ಗುವಿನದು. ನೀನು ಶೈಮಾಳ ಹೆರಿಗೆಗೆ ಹೋಗುವ ಮೊದಲು ಅದರ ಬಲ ಹಿಂಗಾಲಿನ ಗಂಟಿಗೆ ಆಪರೇಶನ್ ಆಗಿತ್ತಲ್ಲ. ಕುಂಟುವುದು ನಿಂತಿತ್ತು, ನಮ್ಮ ಮರದ ಡಿಪೋಗೆ ಲಾರಿ ಬಂದರೆ ಗೇಟಿನವರೆಗೆ ಓಡುತ್ತಿತ್ತು, ನಾನು ಆ ಕಾಲನ್ನು ಮರೆತೇಬಿಟ್ಟಿದ್ದೆ. ಈ ಮಳೆಗಾಲದಲ್ಲಿ ಬೆಳಿಗ್ಗೆ ಅದಕ್ಕೆ ಏಳಲಾಗುತ್ತಿಲ್ಲ. ಮುಂಗಾಲು ಊರಿ ಅರ್ಧ ಏಳುತ್ತದೆ, ಹಿಂದಿನ ಭಾಗ ಬರುವುದಿಲ್ಲ, ಹಾಗೆಯೇ ಕೂರುತ್ತದೆ. ಆಮೇಲೆ ನನ್ನನ್ನು ನೋಡದೆ ಬೇರೆಲ್ಲೋ ನೋಡುತ್ತದೆ. ಡಾಕ್ಟರ್ ಮೆರ್ಲಿನ್ ಎಕ್ಸ್‌ರೇ ತೆಗೆಸಿ, ಆಪರೇಶನ್ ಕೆಟ್ಟಿಲ್ಲ ಎಂದರು. ಆದರೆ ಒಮ್ಮೆ ಪೆಟ್ಟು ತಿಂದ ಗಂಟಿನಲ್ಲಿ ವರ್ಷ ಕಳೆದಂತೆ ಎಲುಬು ಒರಟಾಗಿ ಬೆಳೆಯುತ್ತದಂತೆ. ಇಷ್ಟು ದಿನ ಹೆಚ್ಚಿನ ಭಾರ ಹೊತ್ತ ಎಡಗಾಲೂ ಸೋತಿದೆಯಂತೆ. ಮಾತ್ರೆ ಕೊಟ್ಟಿದ್ದಾರೆ, ತೂಕ ಇಳಿಸಲು ಹೇಳಿದ್ದಾರೆ. "ಪೂರ್ತಿ ಗುಣ ಆಗುವುದಿಲ್ಲ ಶುಕೂರ್ ಭಾಯಿ, ನೋವು ಕಡಿಮೆ ಮಾಡ್ಬಹುದು ಅಷ್ಟೆ. ರಾತ್ರಿ ಒಣಗಿದ ಜಾಗದಲ್ಲಿ ಮಲಗ್ಬೇಕು. ಬೆಳಿಗ್ಗೆ ಎಬ್ಬಿಸ್ಲಿಕ್ಕೆ ಹತ್ತಿರ ಒಬ್ರು ಬೇಕು" ಎಂದರು.

ಅದರ ಶೆಡ್ಡಿನಲ್ಲಿ ಈಗ ನೆಲದಿಂದಲೇ ತೇವ ಏಳುತ್ತದೆ, ಹೊಳೆ ಅಷ್ಟು ಹತ್ತಿರ. ನಿನ್ನ ಅಣ್ಣ ಮೂಸಬ್ಬ ಬಂದು ನೋಡಿ, "ಒಂದು ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡು ಮಾರಾಯ, ಅದಕ್ಕೂ ಸುಖ, ನಿನಗೂ ಸುಖ" ಎಂದರು. ಅವರು ಚಹಾ ಕುಡಿದು ಮುಗಿಸುವವರೆಗೆ ನಾನು ಆ ಮಾತನ್ನು ಯೋಚಿಸಿದೆ, ಆಮೇಲೆ ಬೇಡ ಎಂದೆ. ಮನೆಯೊಳಗೆ ಮಲಗಿಸೋಣವೆಂದರೆ ನಿನ್ನ ಮಾತು ನೆನಪಾಯಿತು. ನಾಯಿ ಒಳಗೆ ಬಂದರೆ ಆ ನೆಲದಲ್ಲಿ ನಮಾಝ್ ಆಗುವುದಿಲ್ಲ ಎಂದು ನೀನು ಅನ್ನುತ್ತಿದ್ದದ್ದು ಸಿಟ್ಟಿನಿಂದಲ್ಲ. ಬಂಗುಡೆಯ ತಲೆ ಬೇಯಿಸಿ, ಮುಳ್ಳು ತೆಗೆದು, ಶೆಡ್ಡಿನ ಬಳಿ ಇಡುತ್ತಿದ್ದವಳೂ ನೀನೇ. "ಅದಕ್ಕೂ ಹೊಟ್ಟೆ ಉಂಟಲ್ಲ, ಆದ್ರೆ ಒಳಗೆ ಮಾತ್ರ ಬೇಡ" ಎನ್ನುತ್ತಿದ್ದೆ.

ಬೇರೆ ಹೇಳುವಂಥದ್ದೇನಿಲ್ಲ. ಸೇತುವೆಯ ಮೇಲೆ ವಾಹನಗಳು ಸಿಕ್ಕಿಬಿದ್ದಾಗ ಹಾರ್ನ್ ಇಲ್ಲಿಯವರೆಗೂ ಕೇಳುತ್ತದೆ. ಯಾರೋ ನಮ್ಮ ಮನೆಗೇ ಬಂದರೆಂದು ಒಮ್ಮೊಮ್ಮೆ ಎದ್ದು ಹೋಗಿ ನೋಡುತ್ತೇನೆ.

ಶೈಮಾಳಿಗೂ ಅಳಿಯನಿಗೂ ನನ್ನ ಸಲಾಂ. ಮಗುವಿನ ಕಾಲಿಗೆ ಅಲ್ಲಾಹನು ಬಲ ಕೊಡಲಿ. ಬಿದ್ದರೆ ಎತ್ತಲು ನೀನಿದ್ದೀ.

ನಿನ್ನ
ಶುಕೂರ್

ತಾ.ಕ.: ಇಜಾಝ್ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೊಗ್ಗುವನ್ನು ಒಳಗೆ ತಂದಿಲ್ಲ. ಗೇಟಿನ ಪಕ್ಕದ ಆಫೀಸು ಕೋಣೆಯಲ್ಲಿ ಮಲಗಿಸಿದ್ದೇನೆ, ಬಕ್ರೀದ್ ಕಳೆದಂದಿನಿಂದ ನಾನೂ ಅಲ್ಲಿಯೇ ಮಲಗುತ್ತೇನೆ. ಫೋನಿನಲ್ಲಿ ನನ್ನ ಹಿಂದಿನ ಗೋಡೆ ಬೇರೆಯಾದದ್ದನ್ನು ನೀನು ಕೇಳಲಿಲ್ಲ. ಮನೆಯೊಳಗೆ ಅಡುಗೆಗೆ, ನಮಾಝಿಗೆ ಮಾತ್ರ ಹೋಗುತ್ತೇನೆ, ಅದೂ ತೊಳೆದುಕೊಂಡು, ಬಟ್ಟೆ ಬದಲಿಸಿ. ನೀನು ಬಂದರೆ ನಾನು ಒಳಗೆ ಬರುತ್ತೇನೆ ಎಂದು ಬರೆಯಲು ಕುಳಿತಿದ್ದೆ, ಬರೆಯಲಾಗಲಿಲ್ಲ. ಬೊಗ್ಗು ಇರುವಷ್ಟು ದಿನ ನಾನು ಹೊರಗೇ ಮಲಗುತ್ತೇನೆ. ಆದರೂ ನೀನು ಬಾ.