ಬೆಲ್ಲದ ನೀರು ಕುಡಿಸಿದ ಮೇಲೆ

ನಮ್ಮ ಮಸೀದಿಯ ಮಾನ್ಯ ಉಸ್ತಾದರಿಗೆ,

ಬೇಪೂರಿನಲ್ಲಿ ಹಡಗು ಕಟ್ಟುವ ಬೀರಾನ್ ಅವರ ಹೆಂಡತಿ ಕದೀಸುಮ್ಮ ಮಾಡುವ ಸಲಾಂ.

ನಮ್ಮವರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಈ ರಂಜಾನಿನಲ್ಲಿ ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಶುಕ್ರವಾರ ಸಂಜೆ ಮೈಯಲ್ಲಿ ಸಕ್ಕರೆ ತೀರ ಇಳಿದು ಹೊಸ್ತಿಲಲ್ಲೇ ಕುಸಿದು ಕುಳಿತರು. ಮೈಯೆಲ್ಲ ತಣ್ಣನೆಯ ಬೆವರು. ನನ್ನನ್ನೇ ನೋಡಿ, "ಯಾರಮ್ಮಾ ನೀನು?" ಅಂದರು. ತಲೆ ಕೊಡವಿದರೂ ಬಿಡದೆ ಬೆಲ್ಲದ ನೀರು ಕುಡಿಸಿದೆ.

ಗುರುತು ಹತ್ತಿದ ಮೇಲೆ ತುಟಿ ಸವರಿಕೊಂಡು, "ನನ್ನ ಉಪಾಸ ಮುರಿದ್ಯಲ್ಲೇ" ಅಂದರು.

"ಸುಮ್ನಿದ್ದಿದ್ರೆ ಜೀವನೇ ಹೋಗ್ತಿತ್ತು."

"ಹೋಗ್ಲಿ ಅಂತ ಬಿಡ್ಬೇಕಿತ್ತು. ಇನ್ನೊಂದ್ಸಲ ಬಿದ್ರೆ ಮುಟ್ಬೇಡ."

ಆಮೇಲೆ ನನ್ನೊಡನೆ ಮಾತಿಲ್ಲ. ಉಪವಾಸವನ್ನೂ ಬಿಟ್ಟಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಬಂದವರೇ ಕೋಣೆ ಸೇರಿ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಾರೆ. ನಾನು ಹೊರಗೆ ಕುಳಿತು ಅವರ ಗೊರಕೆ ಕೇಳುತ್ತಿರುತ್ತೇನೆ.

ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಪ್ರವಚನದಲ್ಲಿ ನೀವೇ ಹೇಳಿದ್ದನ್ನು ಹೆಂಗಸರ ಕಡೆ ಕುಳಿತು ಕೇಳಿದ್ದೇನೆ. ನಾನು ಹೇಳಿದರೆ ಅವರು ಒಪ್ಪುವುದಿಲ್ಲ. ದಯವಿಟ್ಟು ನೀವು ಮನೆಗೆ ಬಂದು ಹೇಳಿ. ನಾನು ಬರೆದೆನೆಂದು ಮಾತ್ರ ತೋರಗೊಡಬೇಡಿ.

ನಿನ್ನೆ ಗೊರಕೆ ನಿಂತಂತಾಯಿತು. ಎರಡೂ ಕೈಯಲ್ಲಿ ಬಾಗಿಲು ಬಡಿದೆ. ತುಂಬ ಹೊತ್ತಿನ ಮೇಲೆ ಒಳಗಿನಿಂದ, "ಸತ್ತಿಲ್ಲ, ಹೋಗು" ಅಂದರು. ಶುಕ್ರವಾರದಿಂದೀಚೆಗೆ ಅವರು ನನಗೆ ಆಡಿದ್ದು ಅದೊಂದೇ ಮಾತು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಇವತ್ತೂ ಬಡಿಯುತ್ತೇನೆ.

ಬರುವುದಾದರೆ ಅವರು ಅಗುಳಿ ಹಾಕುವ ಮುಂಚೆ ಬನ್ನಿ.

ನಿಮ್ಮ ದಾರಿ ನೋಡುತ್ತಿರುವ,
ಕದೀಸುಮ್ಮ