ನೋವು ಎಲ್ಲಿ ಹೋಯ್ತು?

ಅಕ್ಕಾ,

ಬಸ್ ತಪ್ಪಿದ್ದು ಸಾಲದು ಅಂತ, ನಿನ್ನ ಮಂಡಿ ನೋಡೋಕೆ ನೀನು ಕಳಿಸಿ, ನಾನು ಮೇಷ್ಟ್ರಿಗೆ ಕೊಟ್ಟಿದ್ದ ವಿಡಿಯೋನೇ ಅವರು ಇವತ್ತು ಫಿಸಿಯೋಥೆರಪಿ ಕ್ಲಾಸಲ್ಲಿ ಹಾಕಿದ್ರು, ಮಂಡಿನೋವು ನಡಿಗೇನ ಹೇಗೆ ಕೆಡಿಸುತ್ತೆ ಅಂತ ತೋರಿಸೋಕೆ. ಅದರಲ್ಲಿ ಕುಂಟ್ಕೊಂಡು ಬರ್ತಿದ್ದ ನೀನು ಅರ್ಧದಲ್ಲೇ ಕಾಲು ನೆಟ್ಟಗೆ ಊರಿ ಓಡಿದೆ. "ಇವರ ನೋವು ಎಲ್ಲಿ ಹೋಯ್ತು?" ಅಂದ್ರು ಮೇಷ್ಟ್ರು. ಎಲ್ಲರೂ ನಕ್ಕರು. ನಮ್ಮ ಭಾಷೆ ಇಲ್ಲಿ ಬರೋದು ನನಗೊಬ್ಬನಿಗೇ. ನೀನು ಓಡೋಕೆ ಮುಂಚೆ ಮನೆ ಒಳಗಿಂದ ಭಾವ ಕೂಗಿದ್ದು ನನಗೆ ಅರ್ಥ ಆಯ್ತು: "ಬರ್ತೀಯೋ, ಇನ್ನೊಂದು ಮಂಡೀನೂ ಒಡೀಲೋ?"

"ಊಟಕ್ಕೆ ಕರೀತಿದಾರೆ" ಅಂತ ಸುಳ್ಳು ಹೇಳ್ದೆ.

ಬಚ್ಚಲಲ್ಲಿ ಜಾರಿದೆ ಅಂದಿದ್ಯಲ್ಲೇ! ಅವನ ಎರಡೂ ಕಾಲು ಮುರಿದು ಕೈಗೆ ಕೊಡೋಷ್ಟು ಸಿಟ್ಟಿದೆ, ಆದ್ರೆ ನಾನಿರೋದು ಇಷ್ಟು ದೂರ. ಈ ವಾಯ್ಸ್ ಮೆಸೇಜ್ ಕೇಳಿದ ತಕ್ಷಣ ಅಳಿಸು. ನಾಳೆ ಅವನು ಕೆಲಸಕ್ಕೆ ಹೋದ್ಮೇಲೆ ನಿನ್ನ ಗೆಳತಿ ಮನೆ ಸೇರ್ಕೊ, ಅವಳ ಫೋನಿಂದ ಕರಿ.

ನಿನ್ನ ತಮ್ಮ, ಬೆಳಗ್ಗೆ ಹತ್ತಕ್ಕೆ ಫೋನ್ ಹಿಡ್ಕೊಂಡೇ ಕೂತಿರ್ತೀನಿ.