ಸ್ಲೇಟಿನ ಅಪ್ಪಣೆ

ಸೆಪ್ಟೆಂಬರ್ ೭, ೧೯೪೩. ಮಂಗಳವಾರ

ಸಮಸ್ತ ಜಗತ್ತಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಜೋಗುಪಾಳ್ಯದ ಚಿಕ್ಕವೆಂಕಟಪ್ಪನ ಮನೆಯಲ್ಲಿ ಹೀರೇಕಾಯಿ ಹುಳಿಗೋ ಪಲ್ಯಕ್ಕೋ ಎಂಬ ಘನವಾದ ಪ್ರಶ್ನೆ ಇಂದು ಬೆಳಿಗ್ಗೆ ಆರೂವರೆಗೆ ಇತ್ಯರ್ಥವಾಯಿತು. ಪಲ್ಯಕ್ಕೆ. ಮೇಲ್ಮನವಿಗೆ ಅವಕಾಶವಿಲ್ಲ.

ತೀರ್ಪು ನನ್ನದಲ್ಲ. ನನ್ನ ಹೆಂಡತಿ ಮುನಿವೆಂಕಟಮ್ಮನದೂ ಅಲ್ಲ. ಬಾಗಿಲಿಗೆ ನೇತುಹಾಕಿದ ಸ್ಲೇಟಿನದು. ಸಂಜೆ ಒಂದು ಮಗ್ಗುಲಿಗೆ ನಾವು ಪ್ರಶ್ನೆ ಬರೆಯುವುದು. ಬೆಳಿಗ್ಗೆ, ಗಲ್ಲಿಯ ಸ್ಲೇಟುಗಳನ್ನೆಲ್ಲ ನೋಡಿಕೊಳ್ಳುವ ಅಕ್ಕಯಮ್ಮ ಬಂದು ಇನ್ನೊಂದು ಮಗ್ಗುಲಿಗೆ ಉತ್ತರ ಬರೆಯುವುದು. ಉತ್ತರ ಅವಳದಲ್ಲವಂತೆ, ಹಿರಿಯರದಂತೆ. ಹಿರಿಯರೆಂದರೆ ಜಪಾನಿಗಳು ಬಂದಾಗ ರಂಗೂನಿನಿಂದ ಕಾಡು ಹಾದು ನಡೆದು ಬಂದವರು. ದಾರಿಯಲ್ಲಿ ಸ್ವಂತ ಯೋಚನೆ ಮಾಡಿದವರೆಲ್ಲ ಸತ್ತರಂತೆ, ಅವರು ಹೇಳಿದಂತೆ ನಡೆದವರು ಮಾತ್ರ ಉಳಿದರಂತೆ. ಈಗ ಕೆ.ಆರ್. ಪುರದ ಆಚೆ ಒಂದು ತೋಟದ ಮನೆಯಲ್ಲಿದ್ದಾರೆ. ನಮ್ಮ ಗಲ್ಲಿಯಲ್ಲೇ ಹದಿನಾಲ್ಕು ಸ್ಲೇಟು.

ಒಂದೇ ರಾತ್ರಿಯಲ್ಲಿ ನಮ್ಮ ಹೀರೇಕಾಯಿ ಕೆ.ಆರ್. ಪುರಕ್ಕೆ ಹೋಗಿ ಬರುವುದು ಹೇಗೆ ಎಂದು ಅಕ್ಕಯಮ್ಮನನ್ನು ಕೇಳಿದೆ.

"ಅದ್ನೂ ಬರೀರಿ ಅಣ್ಣಯ್ಯ. ಉತ್ತರ ಬರುತ್ತೆ."

ಪಲ್ಯ ಚೆನ್ನಾಗಿತ್ತು. ಅದೇ ಬೇಜಾರು.

ಸೆಪ್ಟೆಂಬರ್ ೧೦, ಶುಕ್ರವಾರ

ಸ್ಲೇಟು ನಮ್ಮ ಮನೆಗೆ ಬಂದ ಬಗೆ.

ಜುಲೈಯಲ್ಲಿ ಬಾಂಬುದಾಳಿಯ ಸೈರನ್ ಪ್ರಾಕ್ಟೀಸು. ಹೆಂಡತಿ ಅಂಗಳದಲ್ಲಿ ನಿಂತಿದ್ದಳು — ಒಂದು ಕಂಕುಳಲ್ಲಿ ಅಕ್ಕಿ ಡಬ್ಬ, ಇನ್ನೊಂದು ಕೈಯಲ್ಲಿ ಮಗಳು ಶಾಂತಕುಮಾರಿಯ ರಟ್ಟೆ. ಕಂದಕಕ್ಕೆ ಇಳಿಯಬೇಕೋ, ಒಳಗೆ ಹೋಗಬೇಕೋ. ಸೈರನ್ ನಿಲ್ಲುವವರೆಗೂ ನಿಂತೇ ಇದ್ದಳು. ಹದಿನಾರರ ಹುಡುಗಿಯ ರಟ್ಟೆಯ ಮೇಲೆ ಐದು ಬೆರಳಿನ ಗುರುತು ಎರಡು ದಿನ ಇತ್ತು.

ಮಾರನೆಯ ದಿನ ಅಕ್ಕಯಮ್ಮ ಬಂದು ಪಕ್ಕದಲ್ಲಿ ಕೂತಳು. "ಇಷ್ಟೆಲ್ಲ ನೀನೊಬ್ಳೇ ಯಾಕೆ ಹೊರ್ತೀಯ ತಾಯಿ. ಸ್ವಲ್ಪ ನಮ್ಗೂ ಕೊಡು."

ಹದಿನೆಂಟು ವರ್ಷದ ಸಂಸಾರದಲ್ಲಿ ಆ ಮಾತು ಯಾರೂ ಅವಳಿಗೆ ಹೇಳಿರಲಿಲ್ಲ. ನಾನಂತೂ ಆ ಹೊತ್ತಿನಲ್ಲಿ ಸೈರನ್ ಬಗ್ಗೆ ಒಂದು ಚಟಾಕಿ ಹೊಸೆಯುತ್ತಿದ್ದೆ.

ಸೆಪ್ಟೆಂಬರ್ ೨೫, ಶನಿವಾರ

ವಾರಪತ್ರಿಕೆಯ ನನ್ನ ಅಂಕಣದಲ್ಲಿ ಸ್ಲೇಟು ಮಹಾತ್ಮೆ ಬರೆದೆ. ಬ್ಲಾಕ್‌ಪಲ್ಲಿಯ ಪ್ರೆಸ್ಸಿನಲ್ಲಿ ಅದನ್ನು ಕಂಪೋಸ್ ಮಾಡಿದ್ದು ಅಹ್ಮದ್ ಪಾಷಾ. ಹನ್ನೆರಡು ವರ್ಷದಿಂದ ನನ್ನ ಹಾಸ್ಯವನ್ನೆಲ್ಲ ಅಚ್ಚುಮೊಳೆಯಲ್ಲಿ ತಲೆಕೆಳಗಾಗಿ ಓದುತ್ತ ಬಂದ ಪುಣ್ಯಾತ್ಮ.

"ನಕ್ಕು ನಕ್ಕು ಮೂರು ಅಚ್ಚು ಉಲ್ಟಾ ಕೂರ್ಸಿದೀನಿ ಸಾಮಿ," ಎಂದರು. ಆಮೇಲೆ, "ಆದ್ರೆ ಅವ್ರು ನಗಲ್ಲ, ನೋಡ್ತಿರಿ."

ನಗಲಿಲ್ಲ. ಎದುರು ಮನೆಯ ಟೈಲರ್ ಪಿಳ್ಳಪ್ಪ ನನ್ನನ್ನು ಕಂಡು ಬಾಗಿಲು ಹಾಕಿಕೊಂಡ. ಕೊಳಾಯಿಯ ಹತ್ತಿರ ಹೆಂಡತಿಯ ಕೊಡಕ್ಕೆ ಜಾಗ ಬಿಟ್ಟರು, ಮಾತಾಡಲಿಲ್ಲ. ಬೈಗುಳ ಬಂದಿದ್ದರೆ ಒಂದು ಅಂಕಣವಾದರೂ ಆಗುತ್ತಿತ್ತು.

ಸ್ಲೇಟಿನ ಉತ್ತರದ ಮಗ್ಗುಲು ನಾಲ್ಕು ದಿನದಿಂದ ಖಾಲಿ. ಮೊದಲ ದಿನ ಹೆಂಡತಿ ಒಲೆ ಹಚ್ಚಲಿಲ್ಲ. ಕೇಳಿದೆ.

"ಏನ್ ಮಾಡ್ಬೇಕು ಅಂತ ಯಾರೂ ಹೇಳಿಲ್ವಲ್ರೀ."

ಕೋಪದಲ್ಲಿ ಹೇಳಿದ್ದಲ್ಲ. ನಿಜವಾಗಿ ಗೊತ್ತಿರಲಿಲ್ಲ ಅವಳಿಗೆ.

ಅಕ್ಟೋಬರ್ ೧೫, ಶುಕ್ರವಾರ

ಮದರಾಸಿನ ಮೇಲೆ ಬಾಂಬು ಬಿತ್ತಂತೆ. ಬಿದ್ದಿಲ್ಲವಂತೆ. ಬಿದ್ದರೂ ಹೇಳಬಾರದಂತೆ. ಕೋಲಾರದಿಂದ ತಂಗಿಯ ಕಾಗದ: ಕೂಡಲೇ ಹೊರಟು ಬನ್ನಿ. ಅದೇ ಟಪಾಲಿನಲ್ಲಿ ಭಾವನ ಕಾಗದ: ಇಲ್ಲಿ ಅಕ್ಕಿಯಿಲ್ಲ, ಬರಬೇಡಿ. ಒಂದೇ ಮನೆಯಿಂದ ಎರಡು ಸರ್ಕಾರ.

ಮೂರು ದಿನ ನಿದ್ದೆಯಿಲ್ಲ. ಟ್ರಂಕಿಗೆ ಬಟ್ಟೆ ತುಂಬಿದೆ, ತೆಗೆದೆ, ತುಂಬಿದೆ. ನಿನ್ನೆ ಸಂಜೆ ತಮಾಷೆಗೆ — ತಮಾಷೆಗೇ — ಸ್ಲೇಟಿನ ಮೇಲೆ ಬರೆದೆ: "ಹೋಗಲೇ? ಇರಲೇ?"

ಇಂದು ಬೆಳಿಗ್ಗೆ ಉತ್ತರ: "ಇರಿ."

ಅಷ್ಟೇ. ಊಟ ಮಾಡಿ ಕುರ್ಚಿಯಲ್ಲೇ ಮಲಗಿಬಿಟ್ಟೆ. ಎದ್ದಾಗ ಸಂಜೆ ನಾಲ್ಕೂವರೆ. ಇನ್ನು ಬಾಂಬು ಬಿದ್ದರೆ ತಪ್ಪು ನನ್ನದಲ್ಲ. ಮೈ ಇಷ್ಟು ಹಗುರವಾಗಿ ಎಷ್ಟು ವರ್ಷವಾಯಿತು...

ನಗು ಬರುತ್ತಿದೆ. ನಗುವೇ ತಾನೆ ಇದು?

ನವೆಂಬರ್ ೩೦, ಮಂಗಳವಾರ

ಒಂದೂವರೆ ತಿಂಗಳು ಬರೆದಿಲ್ಲ. ದಿನಚರಿ ಬರೆಯಲೇ ಎಂದು ಕೇಳಿದ್ದೆ. ಬೇಡ ಎಂದು ಬಂತು. ಅಂಕಣವೂ ಬೇಡ. ಸಂಪಾದಕರಿಗೆ ಹಲ್ಲುನೋವು ಎಂದು ಹೇಳಿದೆ. ಯಾವ ಅಂಗಿ ಹಾಕಬೇಕೆಂದು ಕೂಡ ಕೇಳುತ್ತಿದ್ದೇನೆ. ನಾಚಿಕೆ ಮೊದಲ ವಾರ ಮಾತ್ರ.

ಇಂದು ಕದ್ದು ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ, ನಾವು ಕೇಳದೇ ಇರುವ ಪ್ರಶ್ನೆಗೆ ಉತ್ತರ ಬಂತು.

"ಶಾಂತಕುಮಾರಿ ಡಿಸೆಂಬರ್ ೧೨, ಭಾನುವಾರ ತೋಟದ ಮನೆಗೆ ಬರಲಿ. ಅಲ್ಲೇ ಇರಲಿ."

ಹೆಂಡತಿ ಕಣ್ಣೀರು ಒರೆಸಿಕೊಂಡು, "ನಮ್ ಮನೇನ ಆರಿಸಿದಾರೆ ಕಣ್ರೀ," ಎಂದಳು. ಶಾಂತ ಓದುತ್ತಿದ್ದ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು.

"ನಂಗಿಷ್ಟ ಇಲ್ಲ. ನೀವೇನಂತೀರಪ್ಪಾ?"

ನನ್ನ ನಾಲಗೆ ತುದಿಗೆ ಬಂದ ಮಾತು: ಕೇಳಿ ಹೇಳ್ತೀನಿ.

ಹೇಳಲಿಲ್ಲ. ಆದರೆ ಬಂದದ್ದು ಅದೇ.

ಡಿಸೆಂಬರ್ ೬, ಸೋಮವಾರ

ಪಿಳ್ಳಪ್ಪನ ಮಗಳು ಚಿಕ್ಕಮುನಿಯಮ್ಮ ತೋಟದ ಮನೆಗೆ ಹೋಗಿ ನಾಲ್ಕು ತಿಂಗಳು. ನನ್ನ ಮೇಲೆ ಅವನಿಗೆ ಈಗ ಮುನಿಸಿಲ್ಲ. ನಾವು ಒಂದೇ ಬಳಗ. ನಿನ್ನೆ ತಾನಾಗಿ ಕರೆದ.

"ಬನ್ನಿ, ನಮ್ ಮಗು ಹ್ಯಾಗಿದಾಳೆ ಕಣ್ಣಾರೆ ನೋಡೀರಂತೆ. ಆಮೇಲೆ ನಿಮ್ಗೆ ಯೋಚ್ನೇನೇ ಬರಲ್ಲ."

ಹೋದೆವು. ಗೇಟಿನ ಒಳಗಡೆ ಸುಮಾರು ಇಪ್ಪತ್ತು ಜನ ಸಾಲಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇಪ್ಪತ್ತು ಜನ ಅವರೆಕಾಯಿ ಸುಲಿಯುವಾಗ ಒಂದು ಹರಟೆಯಿಲ್ಲ, ಒಬ್ಬರ ಮೇಲೆ ಇನ್ನೊಬ್ಬರ ಚಾಡಿಯಿಲ್ಲ. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಚಿಕ್ಕಮುನಿಯಮ್ಮ ಗೇಟಿಗೆ ಬಂದಳು. ಪಿಳ್ಳಪ್ಪ ಕಂಬಿಯೊಳಗಿಂದ ಕೈ ಚಾಚಿದ.

"ಏನ್ ಮಗಾ, ಉಂಡ್ಯಾ?"

ಅವನ ಮುಖ ನೋಡಿದಳು.

"ಕೇಳಿ ಹೇಳ್ತೀನಿ," ಎಂದು ಒಳಗೆ ಹೋದಳು.

ಬಿಸಿಲು ಇಳಿಯುವವರೆಗೂ ನಿಂತಿದ್ದೆವು. ಬರಲಿಲ್ಲ.

"ಎಷ್ಟು ಶಾಂತವಾಗಿದಾಳೆ, ನೋಡಿದ್ರಾ," ಎಂದ ಪಿಳ್ಳಪ್ಪ, ಬಸ್ಸಿನಲ್ಲಿ. ಹಲಸೂರು ಬರುವಷ್ಟರಲ್ಲಿ ತಾನೇ ಹೊಲಿದ ಅಂಗಿಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಕಿತ್ತು ಮುಗಿಸಿದ್ದ.

ಡಿಸೆಂಬರ್ ೮, ಬುಧವಾರ. ಮಧ್ಯಾಹ್ನ

ಪಾಷಾಗೆ ಎಲ್ಲ ಹೇಳಿದೆ. ಅಚ್ಚುಮೊಳೆ ಕೆಳಗಿಟ್ಟು ಕೇಳಿದರು. ಮೊದಲ ಸಲ ನನ್ನ ಕಥೆಗೆ ನಗಲಿಲ್ಲ.

"ಶನಿವಾರ ಬೆಳಿಗ್ಗೆ ನಮ್ಮನೆಯವ್ಳು ಬಿಲ್ಕೀಸ್ ಬಂಗಾರಪೇಟೆಗೆ ಹೋಗ್ತಾಳೆ. ಮಗೂಗೆ ಬುರ್ಖಾ ಹಾಕಿ ಜೊತೇಲಿ ಕರ್ಕೊಂಡ್ ಹೋಗ್ಲಿ. ಅಲ್ಲಿಂದ ನಿಮ್ ತಂಗಿ ಮನೆಗೆ ಸೇರ್ಸೋದು ನಮ್ ಜವಾಬ್ದಾರಿ. ನೀವು ಮಾತ್ರ ಯಾರಿಗೂ ಹೇಳ್ಬೇಡಿ ಸಾಮಿ."

"ನಾನೇನು ಹಾಲು ಕುಡಿಯೋ ಮಗುವೇ ಸಾಹೇಬ್ರೆ?"

ಡಿಸೆಂಬರ್ ೯, ಗುರುವಾರ. ಬೆಳಿಗ್ಗೆ ೮

ನಿನ್ನೆ ಸಂಜೆ ಪ್ರೆಸ್ಸಿನಿಂದ ಬಂದೆ. ಕೈಕಾಲು ತೊಳೆದೆ. ದಿನಾ ಮಾಡುವ ಹಾಗೆ ಬಳಪ ತೆಗೆದುಕೊಂಡೆ. ದುಂಡಗೆ ಬರೆದೆ:

"ಶನಿವಾರ ಶಾಂತಳನ್ನು ಕೋಲಾರಕ್ಕೆ ಕಳಿಸಲೇ?"

ಯಾರೂ ಹೆದರಿಸಿರಲಿಲ್ಲ. ಯಾರೂ ಕೇಳಿರಲಿಲ್ಲ. ಕಳಿಸು ಎಂದು ಯಾರಾದರೂ ಹೇಳಲಿ ಎಂದಿತ್ತು, ಅಷ್ಟೇ. ಬರೆದು ಊಟಕ್ಕೆ ಕೂತೆ. ಏನು ಮಾಡಿದ್ದೇನೆಂದು ಹೊಳೆದದ್ದು ಇಂದು ಬೆಳಿಗ್ಗೆ, ಉತ್ತರ ಓದಿದ ಮೇಲೆ.

"ಬೇಡ."

ಓದಿದೊಡನೆ ಎದೆ ಹಗುರವಾಯಿತು. ಒಂದು ಕ್ಷಣ. ಅಪ್ಪಾ, ಮುಗಿಯಿತು, ಎಂದು. ಹಿರಿಯರ ಭಯ ಆಮೇಲೆ ಬಂತು. ಆ ಒಂದು ಕ್ಷಣದ ಭಯ ಇನ್ನೂ ಹೋಗಿಲ್ಲ.

ಅಕ್ಕಯಮ್ಮ ಬಾಗಿಲಲ್ಲೇ ಇದ್ದಳು, ಒಂದು ಹಿಡಿ ಕರಿಬೇವು ಹಿಡಿದುಕೊಂಡು. "ಯಾವ ರೈಲು ಅಣ್ಣಯ್ಯ?"

ಹೇಳಿದೆ. ಹೊತ್ತು ಕೂಡ ಹೇಳಿದೆ.

"ಒಳ್ಳೇದಾಯ್ತು ಹೇಳಿದ್ದು. ಸ್ಟೇಷನ್ನಿಗೆ ನಮ್ಮೋರು ಹೋಗಿರ್ತಾರೆ. ನಾಳೆ ಮೂರು ಗಂಟೆಯಿಂದ ಮಗೂನ ಕಾಯ್ತಾ ನೀವು ಮನೇಲೇ ಇರಿ."

"ಆಗ್ಲಮ್ಮ," ಎಂದೆ. ಕರಿಬೇವನ್ನು ಎರಡೂ ಕೈಯಲ್ಲಿ ಇಸಕೊಂಡೆ.

ಡಿಸೆಂಬರ್ ೧೦, ಶುಕ್ರವಾರ. ಮಧ್ಯಾಹ್ನ ೧, ಪ್ರೆಸ್ಸಿನಲ್ಲಿ

ಈ ಪುಸ್ತಕಕ್ಕೆ ಓದುಗರಿರಲಿಲ್ಲ. ಇಂದಿನಿಂದ ಒಬ್ಬರು. ಪಾಷಾ ಸಾಹೇಬರೆ, ನಿಮಗೆ ಬಾಯಲ್ಲಿ ಹೇಳಲಾರೆ. ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಇದನ್ನು ನಿಮ್ಮ ಅಚ್ಚಿನ ಪೆಟ್ಟಿಗೆಯ ಮೇಲಿಟ್ಟು ಹೋಗುತ್ತೇನೆ. ಈ ಸಲ ನೆಟ್ಟಗೆ ಓದಿಕೊಳ್ಳಿ.

ನಾಳೆಯ ರೈಲು ಬಿಡಿ. ಇಂದು ನಾಲ್ಕಕ್ಕೆ ನನ್ನ ಹೆಂಡತಿ ಅವರ ಭಜನೆಗೆ ಹೋಗಿರುತ್ತಾಳೆ. ಶಾಂತ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತಾಳೆ. ಬಿಲ್ಕೀಸಮ್ಮ ಜಟಕಾದಲ್ಲಿ ಹಿಂದಿನ ಗಲ್ಲಿಯಿಂದ ಬರಲಿ. ಬಂದರೆ ಒಂದು ಮಾತೂ ಕೇಳದೆ ಹೊರಡು ಎಂದು ಮಗಳಿಗೆ ಹೇಳಿದ್ದೇನೆ. "ನೀವು?" ಎಂದಳು. ನಾನು ಆಮೇಲೆ, ಎಂದೆ.

ಯಾವ ದಾರಿ, ಯಾರ ಮನೆ — ನನಗೆ ತಿಳಿಸಬೇಡಿ. ನಾನು ಬಂದು ಕೇಳುತ್ತೇನೆ. ಕಾಲು ಹಿಡಿದು ಕೇಳುತ್ತೇನೆ. ಹೇಳಬೇಡಿ.

ನಾನು ಮೂರಕ್ಕೆಲ್ಲ ಮನೆಯಲ್ಲಿರುತ್ತೇನೆ. ಇರಿ ಎಂದಿದ್ದಾರೆ. ಹೋಗದೆ ಇಲ್ಲೇ ಕೂತುಬಿಡಲು ಬೆಳಗಿನಿಂದ ಪ್ರಯತ್ನಪಟ್ಟೆ. ಎರಡು ಸಲ ಆಗಲೇ ಪ್ರೆಸ್ಸಿನ ಗೇಟಿನವರೆಗೆ ಹೋಗಿ ಬಂದಿದ್ದೇನೆ.

ಒಂದು ಸಣ್ಣ ಉಪಕಾರ. ಜಟಕಾ ಕುದುರೆಯ ಕೊರಳ ಗೆಜ್ಜೆ ಬಿಚ್ಚಿಸಿ ತನ್ನಿ. ಸದ್ದು ಕಿವಿಗೆ ಬಿದ್ದರೆ ನಾನು ಎದ್ದು ಬಳಪ ಹುಡುಕುತ್ತೇನೆ. ಗೊರಸಿಗೂ ಏನಾದರೂ ಗೋಣಿ ಸುತ್ತಿ, ಮತ್ತೆ... ಹೊತ್ತಾಯಿತು. ಕಾಲು ಆಗಲೇ ಮನೆಯ ಕಡೆ ಹೊರಟಿದೆ.